ಎಡಕ್ಕೆ ಎಸೆಯಲಾರದ ಹುಡುಗ

ಮಾರ್ಟಿನ್‌ಡೇಲ್ ಕಾಲೇಜು
ಸೆಪ್ಟೆಂಬರ್ 3, 1986

ಅಪ್ಪ,

ಇದನ್ನು ಭಾನುವಾರ ಫೋನಿನಲ್ಲೇ ಹೇಳಬೇಕೆಂದಿದ್ದೆ. ನೀನು ಮೂರು ಸಲ "ಹ್ಞೂ" ಅಂದೆ, ನದಿ ಒಂದಡಿ ಇಳಿದಿದೆ ಅಂದೆ, ಆಮೇಲೆ ಇಬ್ಬರೂ ಸುಮ್ಮನಾದೆವು. ಹಾಸ್ಟೆಲಿನ ಇಡೀ ಮಹಡಿಗೆ ಇರುವುದು ಕಾರಿಡಾರಿನ ಅದೊಂದೇ ಫೋನು. ನನ್ನ ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವನು, ಕ್ವಾರ್ಟರ್‌ಬ್ಯಾಕ್, ಅವನ ಮಂಡಿ ಹೋಯಿತು. ಈ ವರ್ಷ ಅವನು ಮತ್ತೆ ಆಡುವುದಿಲ್ಲವಂತೆ. ಶನಿವಾರದಿಂದ ಅವನ ಜಾಗದಲ್ಲಿ ನಾನು. ಚೆಂಡು ಮೊದಲು ನನ್ನ ಕೈಗೆ ಬರುತ್ತದೆ. ಓಡುವವನಿಗೆ ಕೊಡುವುದೋ, ದೂರದವನಿಗೆ ಎಸೆಯುವುದೋ ಅನ್ನುವುದನ್ನು ಮಾತ್ರ ಕೋಚ್ ಪ್ರೂಯೆಟ್ ತೀರ್ಮಾನಿಸುತ್ತಾರೆ. ಅವರು ಗೆರೆಯ ಆಚೆ ನಿಂತು ಸನ್ನೆ ಮಾಡುತ್ತಾರೆ. ಟೋಪಿ ಮುಟ್ಟಿದರೆ ಓಟ. ಬಲಗಿವಿ ಮುಟ್ಟಿದರೆ ಬಲಕ್ಕೆ ಎಸೆತ, ಎಡಗಿವಿಯಾದರೆ ಎಡಕ್ಕೆ. ಎದುರಾಳಿಗಳಿಗೆ ಗೊತ್ತಾಗಬಾರದೆಂದು ನಡುನಡುವೆ ಮೂಗು, ಬೆಲ್ಟು, ಮೊಣಕೈ ಎಲ್ಲ ಮುಟ್ಟಿಕೊಳ್ಳುತ್ತಾರೆ. ನನ್ನ ರೂಮಿನ ಕುಬಿಚೆಕ್ ಹೇಳುತ್ತಾನೆ, "ಕೋಚ್‌ನ ನೋಡಿದ್ರೆ ಇರುವೆ ಗೂಡಿಗೆ ಬಿದ್ದು ಬಂದಂಗಿದೆ ಕಣೋ."

ಶನಿವಾರ ನಿನಗೆ ಕೆಲಸವಿರುತ್ತದೆಂದು ಗೊತ್ತು. ರೇಡಿಯೋದಲ್ಲಿ ಕೇಳು. ಆದರೆ ನವೆಂಬರ್ 15ರ ಕೊನೆಯ ಆಟಕ್ಕೆ ಬರಬೇಕು. ಅವತ್ತು ಅಪ್ಪಂದಿರ ದಿನ. ಮೈದಾನದ ಅಂಚಿನಲ್ಲೇ ಕುರ್ಚಿ ಸಾಲಾಗಿ ಹಾಕಿ, ಮಗನ ನಂಬರನ್ನು ಬೆನ್ನಿಗೆ ಪಿನ್ನು ಮಾಡಿ ಕೂರಿಸುತ್ತಾರೆ. ನಂದು ಹನ್ನೆರಡು.

ನಿನ್ನ ಮಗ,
ವೆಂಡೆಲ್

*

ಬೆಲ್ ಲ್ಯಾಂಡಿಂಗ್, ನದಿಗೇಟು
ಸೆಪ್ಟೆಂಬರ್ 9

ವೆಂಡೆಲ್‌ಗೆ,

ಪತ್ರ ತಲುಪಿತು. ನದಿ ಇನ್ನೂ ಅರ್ಧ ಅಡಿ ಇಳಿದಿದೆ. ದಿನಕ್ಕೆ ಒಂಬತ್ತು ಸರಕು ದೋಣಿಗಳು ಗೇಟು ದಾಟುತ್ತಿವೆ. ಸೋಯಾ ಬರಲು ಶುರುವಾದರೆ ಇನ್ನೂ ಹೆಚ್ಚುತ್ತವೆ.

ಪತ್ರ ಬರೆಯುವುದು ನಿನ್ನ ಅಮ್ಮನ ಕೆಲಸವಾಗಿತ್ತು. ನಾನು ಕೊನೆಯಲ್ಲಿ ಹೆಸರು ಹಾಕುತ್ತಿದ್ದೆ, ಅಷ್ಟೆ. ಅವಳು ಹೋಗಿ ಮೂರೂವರೆ ವರ್ಷದಲ್ಲಿ ನಾನು ಬರೆಯುತ್ತಿರುವ ಮೊದಲನೇ ಪತ್ರ ಇದು. ತಪ್ಪಿದ್ದರೆ ಹಾಗೇ ಓದಿಕೊ.

ಆಟ ಕೇಳಿದೆ. ಕೊನೆಯ ನಿಮಿಷ, ಅಂಕದ ಗೆರೆಗೆ ಏಳೇ ಗಜ, ನೀನು ಬಲಕ್ಕೆ ಎಸೆದೆ, ಅವರವನು ಹಿಡಿದ. ಮೂರು ಪಾಯಿಂಟಿನಲ್ಲಿ ಸೋತಿರಿ. ಆಗಲೇ ಒಂದು ದೋಣಿ ಹಾರ್ನ್ ಹಾಕಿತು. ನಾನು ಹೋಗಿ ಗೇಟು ತೆರೆದೆ.

ಸೋಮವಾರ ಸಂಜೆ ಏಳಕ್ಕೆ ಅದೇ ಸ್ಟೇಷನ್ನಿನಲ್ಲಿ ಗಸ್ ಅನ್ನುವವನು ಒಂದು ಗಂಟೆ ಜನರ ಫೋನು ತೆಗೆದುಕೊಳ್ಳುತ್ತಾನೆ. ನಿನಗೆ ಗೊತ್ತಿರಬೇಕು. ಟರ್ಕಿ ಕೋಳಿ ಸಾಕುವ ಒಬ್ಬ ಹೇಳಿದ, "ಆ ಬ್ರೆಕೆ ಹುಡುಗಂಗೆ ಕಣ್ಣು ಕಾಣತ್ತೋ ಇಲ್ವೋ? ಎಡಗಡೆ ನಮ್ಮೋನು ಒಬ್ನೇ ನಿಂತು ಕೈ ಬೀಸ್ತಿದ್ದ, ಬಸ್ಸು ತಪ್ಪಿಸ್ಕೊಂಡೋನ ಥರ."

ಆಮೇಲೆ ಎಲ್ಡಾ ಅನ್ನುವ ಎಂಬತ್ತು ದಾಟಿದ ಹೆಂಗಸು ಲೈನಿಗೆ ಬಂದಳು. "ಹುಡುಗನ್ನ ಯಾಕ್ರೀ ಬೈತೀರ? ಹೇಳಿದ್ದು ಮಾಡ್ತಾನೆ ಪಾಪ. ಆ ಪ್ರೂಯೆಟ್ ತಲೇಲಿರೋದೇ ಅರ್ಧ ಮೈದಾನ. ಎಡಗಡೆ ಅರ್ಧ ಮನೇಲಿ ಬಿಟ್ಟು ಬಂದಿರ್ಬೇಕು" ಅಂದಳು. ಗಸ್ ನಕ್ಕುಬಿಟ್ಟ.

ಹೀಗೇ ಒಂದು ಗಂಟೆ. ಅರ್ಧ ಜನ ನಿನ್ನನ್ನು ಬೈದರು, ಅರ್ಧ ಜನ ಕೋಚನ್ನು. ನಾನು ಅಡುಗೆಮನೆಯ ಮೇಜಿನ ಮೇಲೆ ರೇಡಿಯೋ ಇಟ್ಟುಕೊಂಡು ಊಟ ಮಾಡಿದೆ. ಒಂದು ಸಂಜೆಯಲ್ಲಿ ಹದಿನೇಳು ಸಲ ಈ ಮನೆಯೊಳಗೆ ನಿನ್ನ ಹೆಸರು ಕೇಳಿಸಿತು.

ಆರ್ಲೋ ಬ್ರೆಕೆ

*

ಮಾರ್ಟಿನ್‌ಡೇಲ್
ಸೆಪ್ಟೆಂಬರ್ 24

ಅಪ್ಪ,

ನಿನ್ನ ಪತ್ರದ ಕೊನೆಯಲ್ಲಿ ಪೂರ್ತಿ ಹೆಸರು ಬರೆದಿದ್ದೀಯ. ಕುಬಿಚೆಕ್ ನೋಡಿ, "ಯಾರೋ ಇದು, ನಿಮ್ಮೂರ ಬ್ಯಾಂಕ್ ಮ್ಯಾನೇಜರ್ರಾ?" ಅಂದ. ನಾನು ಹೌದು ಅಂದೆ.

ಎರಡು ಆಟದಲ್ಲಿ ಒಂದು ಗೆದ್ದೆವು. ಗೆದ್ದ ಆಟದಲ್ಲಿ ಮಳೆ ಸುರಿಯುತ್ತಿತ್ತು, ಎಸೆಯುವ ಪ್ರಶ್ನೆಯೇ ಇರಲಿಲ್ಲ, ಬರೀ ಓಟ. ಸೋತದ್ದರಲ್ಲಿ ಮೂರು ಸಲ ಬಲಕ್ಕೆ ಎಸೆದು ಕಳೆದುಕೊಂಡೆ. ಜನ ಗೆರೆಯ ಹತ್ತಿರ ಬಂದು ಕೂಗಿದ್ದು ನನ್ನನ್ನಲ್ಲ, ಕೋಚನ್ನು. "ಪ್ರೂಯೆಟ್, ಎಡಗಡೆಗೂ ಮೈದಾನ ಇದೆ ಕಣಯ್ಯ." ಆಟ ಮುಗಿದ ಮೇಲೆ ಪೇಪರಿನವನು ಕೇಳಿದ್ದಕ್ಕೆ ಕೋಚ್, "ಸನ್ನೆ ಮಾಡಿದ್ದು ನಾನು. ಹುಡುಗನ್ನ ಬಿಡಿ" ಅಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಸೋಮವಾರ ಊಟದ ಹಾಲಿನಲ್ಲಿ ಎಲ್ಲರೂ ಗಸ್‌ನ ಕಾರ್ಯಕ್ರಮ ಕೇಳುತ್ತಾರೆ. ಯಾರನ್ನು ಬೈದರೂ ಆ ಹುಡುಗನ ತಟ್ಟೆಗೆ ಒಂದು ಬ್ರೆಡ್ಡಿನ ತುಂಡು ಎಸೆಯುವುದು ರೂಢಿ. ಮೊದಲನೇ ವಾರ ನನ್ನ ತಟ್ಟೆ ತುಂಬಿತ್ತು. ಫೋನ್ ಮಾಡುವವರ ಮಾತನ್ನೆಲ್ಲ ನಂಬಬೇಡ.

ಭಾನುವಾರ ಆರು ಗಂಟೆಗೆ ನಾನು ಫೋನಿನ ಹತ್ತಿರವೇ ಇರುತ್ತೇನೆ. ನೀನು ಮಾಡಲೇಬೇಕೆಂದಲ್ಲ. ಇರುತ್ತೇನೆ ಅಂತ ಹೇಳಿದೆ.

ವೆಂಡೆಲ್

*

ಬೆಲ್ ಲ್ಯಾಂಡಿಂಗ್
ಅಕ್ಟೋಬರ್ 1

ವೆಂಡೆಲ್‌ಗೆ,

ಭಾನುವಾರ ಫೋನ್ ಮಾಡಬೇಕೆಂದು ಕೈಗೆ ತೆಗೆದುಕೊಂಡಿದ್ದೆ. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದೂ ಇಟ್ಟಿದ್ದೆ. ನೀರಿನ ಮಟ್ಟ, ಚರ್ಚಿನ ನೆಲಮಾಳಿಗೆಗೆ ನೀರು ನುಗ್ಗಿದ್ದು, ಪಕ್ಕದ ಮನೆಯ ನಾಯಿ ಸತ್ತಿದ್ದು. ಓದಿ ನೋಡಿದರೆ ಮೂರೂ ಬೇಸರದ ಸುದ್ದಿ. ಇಟ್ಟುಬಿಟ್ಟೆ.

ಹಿಂದಿನ ಸೋಮವಾರ ಗಸ್‌ಗೆ ಬಂದ ಫೋನುಗಳೆಲ್ಲ ಸ್ಟೇಡಿಯಂನ ಕಾರು ನಿಲ್ಲಿಸುವ ಜಾಗದ ಕೆಸರಿನ ಬಗ್ಗೆ. ಒಂದು ಗಂಟೆ ಕೆಸರು. ನಿನ್ನ ಹೆಸರು ಒಂದು ಸಲವೂ ಬರಲಿಲ್ಲ. ಊಟ ಆರಿಹೋಯಿತು. ರೇಡಿಯೋ ಆರಿಸಿದ ಮೇಲೆ ಫ್ರಿಜ್ಜಿನ ಶಬ್ದ ಎಷ್ಟು ಜೋರಿದೆ ಅಂತ ಗೊತ್ತಾಯಿತು.

ಈ ಸೋಮವಾರ ಹಾಗಾಗಲಿಲ್ಲ. ಸ್ಯಾಂಡ್ ಹಿಲ್‌ನ ಮಿಲ್ಟನ್ ಅಂತ ಒಬ್ಬ ಫೋನ್ ಮಾಡಿದ. ನೀನೂ ಕೇಳಿರಬೇಕು. "ತಪ್ಪು ಕೋಚ್‌ದಲ್ಲ, ಹುಡುಗಂದೇ. ಅವನ ಕೈಯಲ್ಲಿ ಈ ಕೆಲ್ಸ ಆಗಲ್ಲ" ಅಂದ. ಅಷ್ಟು ಹೇಳಿದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಎಂಟು ಜನ ನಿನ್ನ ಪರ ಮಾತಾಡಿದರು. ಎಲ್ಡಾ, "ಮಿಲ್ಟನ್ನೋ ಗಿಲ್ಟನ್ನೋ, ಆ ಮನುಷ್ಯ ಜೀವಮಾನದಲ್ಲಿ ಒಂದು ಆಲೂಗೆಡ್ಡೆನಾದ್ರೂ ನೆಟ್ಟಗೆ ಎಸ್ದಿದಾನಾ ಕೇಳಿ" ಅಂದಳು. ಟರ್ಕಿ ಸಾಕುವವನು ಕೂಡ ನಿನ್ನ ಕಡೆಗೆ ತಿರುಗಿಬಿಟ್ಟ. "ಹುಡುಗ ಒಳ್ಳೇನು, ತಾಳ್ಮೆ ಇದೆ, ಏಟು ತಿಂದ್ರೂ ಎದ್ದು ನಿಲ್ತಾನೆ" ಅಂದ.

ಏಟು ತಿಂದರೂ ಎದ್ದು ನಿಲ್ಲುತ್ತೀಯ ಅನ್ನುವುದು ನನಗೆ ಮೊದಲೇ ಗೊತ್ತಿತ್ತು. ಬೇರೆಯವರ ಬಾಯಲ್ಲಿ ಕೇಳುವುದು ಬೇರೆ.

ಆರ್ಲೋ

*

ಮಾರ್ಟಿನ್‌ಡೇಲ್
ಅಕ್ಟೋಬರ್ 14

ಅಪ್ಪ,

ಮಿಲ್ಟನ್ ಈಗ ಇಲ್ಲಿ ದೊಡ್ಡ ಮನುಷ್ಯ. ಮೂರು ಸೋಮವಾರದಿಂದ ತಪ್ಪದೆ ಬರುತ್ತಾನೆ. ಅವನು ಲೈನಿಗೆ ಬಂದರೆ ಊಟದ ಹಾಲಿನಲ್ಲಿ ಎಲ್ಲರೂ ಚಮಚ ಬಡಿಯುತ್ತಾರೆ. ಕುಬಿಚೆಕ್ ಅವನ ಧ್ವನಿ ಅನುಕರಿಸುತ್ತಾನೆ, ಮೂಗಿನಲ್ಲಿ: "ಗಸ್ ಅವರೇ, ನಾ ಸುಮ್ನೆ ಹೇಳ್ತಿಲ್ಲ, ನಂಗೆ ಹುಡುಗರ ಮೇಲೆ ದ್ವೇಷ ಇಲ್ಲ."

ಮೊದಲು ನಾನೂ ನಕ್ಕೆ. ಆದರೆ ನಿನ್ನೆ ಅವನು ಹೇಳಿದ ಮಾತು ಕೇಳಿದೆಯಾ? ಟರ್ಕಿಯವನು, "ಬರೀ ಬೈದ್ರೆ ಆಗಲ್ಲ, ಹುಡುಗನ ತಪ್ಪೇನು ಅಂತ ಬಿಡಿಸಿ ಹೇಳು" ಅಂತ ಕೆಣಕಿದ. ಆಗ ಮಿಲ್ಟನ್, "ಅವನು ಎಡಕ್ಕೆ ಎಸೆಯಲಾರ. ಎಡಕ್ಕೆ ತಿರುಗುವಾಗ ಅವನ ಎಡಭುಜ ಪೂರ್ತಿ ತೆರ್ಕೊಳಲ್ಲ, ತುಕ್ಕು ಹಿಡ್ದ ಗೇಟಿನ ಥರ ಅರ್ಧಕ್ಕೇ ನಿಲ್ಲತ್ತೆ" ಅಂದ.

ಹಾಲಿನಲ್ಲಿ ಎಲ್ಲರೂ ನಕ್ಕರು. ನಾನು ತಟ್ಟೆ ನೋಡುತ್ತಾ ಕೂತೆ.

ಅಪ್ಪ, ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅವನು ಹೇಳಿದ್ದು ನಿಜ. ಕೋಚ್ ಪ್ರತಿ ಆಟದಲ್ಲೂ ಎಡಗಿವಿ ಮುಟ್ಟುತ್ತಾರೆ. ಚೆಂಡು ಕೈಗೆ ಬಂದ ಮೇಲೆ ನಾನು ಬಲಕ್ಕೆ ಎಸೆಯುತ್ತೇನೆ. ಕೇಳಿದರೆ ಸನ್ನೆ ಸರಿಯಾಗಿ ಕಾಣಲಿಲ್ಲ ಅನ್ನುತ್ತೇನೆ. ಏಳು ಗಜದಲ್ಲಿ ಸೋತೆವಲ್ಲ, ಅವತ್ತೂ ಎಡಗಿವಿಯೇ. ಊರೆಲ್ಲ ಕೋಚನ್ನು ಬೈಯುತ್ತಿದೆ. ಅವರು ನನ್ನ ಹೆಸರು ಹೇಳುತ್ತಿಲ್ಲ. ನಾನೂ ಹೇಳುತ್ತಿಲ್ಲ.

ಆದರೆ ಸ್ಟೇಡಿಯಂನಲ್ಲಿ ಕೂತವರಿಗೆ ಭುಜ ಕಾಣುವುದಿಲ್ಲ. ಮೇಲೆ ಗಟ್ಟಿ ಕವಚ ಇರುತ್ತದೆ. ಒಂಬತ್ತನೇ ವಯಸ್ಸಿನಲ್ಲಿ ಆದದ್ದನ್ನು ನೀನು ಯಾರಿಗಾದರೂ ಹೇಳಿದ್ದೀಯಾ? ಗೇಟಿನಲ್ಲಿ ನಿನ್ನ ಜೊತೆ ಕೆಲಸ ಮಾಡುವವರಿಗೆ? ಸ್ಯಾಂಡ್ ಹಿಲ್ ಕಡೆಯವರು ಯಾರಾದರೂ ಇದ್ದಾರಾ?

ವೆಂಡೆಲ್

*

ಬೆಲ್ ಲ್ಯಾಂಡಿಂಗ್
ಅಕ್ಟೋಬರ್ 17

ವೆಂಡೆಲ್‌ಗೆ,

ಮೆಕ್ಕೆಜೋಳದ ಕಾಲ. ದಿನಕ್ಕೆ ಹದಿನಾಲ್ಕು ದೋಣಿ. ಗೇಟಿನ ಮೇಲೆ ಹೊಸ ರೇಲಿಂಗು ಹಾಕುತ್ತಿದ್ದಾರೆ, ಹಳದಿ ಬಣ್ಣ. ಹಳೆಯದೇ ಚೆನ್ನಾಗಿತ್ತು.

ನಾನು ಯಾರಿಗೂ ಹೇಳಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರ ಹತ್ತಿರ ಅಂಥ ಮಾತು ಬರುವುದಿಲ್ಲ.

ರಾತ್ರಿ ಮಲಗುವಾಗ ಭುಜಕ್ಕೆ ಬಿಸಿನೀರಿನ ಚೀಲ ಇಟ್ಟುಕೊ. ನಿನ್ನ ಅಮ್ಮ ಇಡುತ್ತಿದ್ದಳು.

ಆರ್ಲೋ

*

ಮಾರ್ಟಿನ್‌ಡೇಲ್
ಅಕ್ಟೋಬರ್ 21

ಅಪ್ಪ,

ಶನಿವಾರದ ಆಟ ಕೇಳಿರುತ್ತೀಯ. ಮೂರು–ಮೂವತ್ತೊಂದಕ್ಕೆ ಸೋತೆವು. ರೇಡಿಯೋದವರಿಗೆ ಕಾಣದ್ದನ್ನು ನಾನು ಹೇಳುತ್ತೇನೆ.

ಎದುರಾಳಿ ಕೋಲ್‌ಫ್ಯಾಕ್ಸ್ ಕಾಲೇಜಿನವರು ಶುರುವಿನಿಂದಲೇ ತಮ್ಮವರನ್ನೆಲ್ಲ ಬಲಗಡೆ ತುಂಬಿಟ್ಟರು. ಎಡಗಡೆ ಖಾಲಿ. ನಮ್ಮವನು ಅಲ್ಲಿ ಒಬ್ಬನೇ. ಬಂದು ಎಸೆ ಅಂತ ಬಾಗಿಲು ತೆರೆದಿಟ್ಟ ಹಾಗೆ. ಕೋಚ್ ಹನ್ನೊಂದು ಸಲ ಎಡಗಿವಿ ಮುಟ್ಟಿದರು. ಕೊನೆಕೊನೆಗೆ ಸುಳ್ಳು ಸನ್ನೆಗಳನ್ನೆಲ್ಲ ಬಿಟ್ಟು ಬರೀ ಎಡಗಿವಿ ಹಿಡಿದುಕೊಂಡು ನಿಂತುಬಿಟ್ಟರು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹುಡುಗನ ಹಾಗೆ. ನಾಲ್ಕು ಸಲ ನಾನು ಎಡಕ್ಕೆ ಎಸೆದೆ. ಒಂದೂ ತಲುಪಲಿಲ್ಲ. ಮಿಕ್ಕ ಏಳು ಸಲ ಅವರೆಲ್ಲ ನಿಂತಿದ್ದ ಕಡೆಗೇ ಎಸೆದೆ.

ಆಟ ಮುಗಿದು ಕೈ ಕುಲುಕುವಾಗ ಅವರ ಕೋಚ್ ನಗುತ್ತಾ, "ನಿಮ್ಮ ಮಿಲ್ಟನ್‌ಗೆ ನನ್ನ ಥ್ಯಾಂಕ್ಸ್ ಹೇಳಪ್ಪ. ಸೋಮವಾರ ನಾವೂ ರೇಡಿಯೋ ಹಾಕ್ತೀವಿ" ಅಂದರು.

ಬಸ್ಸಿನಲ್ಲಿ ಕೋಚ್ ಪ್ರೂಯೆಟ್ ನನ್ನ ಪಕ್ಕ ಬಂದು ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ನಂಗೆ ಯಾಕೋ ಹೇಳ್ಲಿಲ್ಲ?" ಅಂದರು. ಬೈಯಲಿಲ್ಲ. ಮುಂದಿನ ವಾರದಿಂದ ಮೊದಲನೇ ವರ್ಷದ ಹುಡುಗ ಆಡುತ್ತಾನೆ. ನಾನು ಬೆಂಚು.

ನಿನ್ನೆ ಸೋಮವಾರ. ಹಾಲಿಗೆ ಹೋಗದೆ ರೂಮಿನಲ್ಲಿ ಒಬ್ಬನೇ ಕೇಳಿದೆ. ಮಿಲ್ಟನ್ ಬಂದ. ಗಸ್ ಅವನನ್ನು ಸ್ವಾಗತಿಸಿ, "ನೀವು ಹೇಳಿದ್ದೇ ಸರಿಯಾಯ್ತಲ್ಲ, ಖುಷಿನಾ?" ಅಂತ ಕೇಳಿದ. ಮಿಲ್ಟನ್, "ಹುಡುಗನ ತಪ್ಪಲ್ಲ" ಅಂದ. ಆಮೇಲೆ ಮಾತು ಬರಲಿಲ್ಲ. "ಮಿಲ್ಟನ್, ಲೈನಲ್ಲಿದೀರಾ?" ಅಂದ ಗಸ್. "ಹ್ಞೂ" ಅಂದ ಅವನು. ಇನ್ನೂ ಒಂದು "ಹ್ಞೂ". ಆಮೇಲೆ ಪೂರ್ತಿ ಮೌನ. ಆ ಮೌನದ ಹಿಂದೆ, ದೂರದಲ್ಲಿ, ಒಂದು ಉದ್ದ ಹಾರ್ನ್, ಒಂದು ಗಿಡ್ಡ. ಗೇಟು ತೆರೆಯಿರಿ ಅಂತ ದೋಣಿ ಕೇಳುವ ಹಾರ್ನ್. ಹದಿನೆಂಟು ವರ್ಷ ಅದನ್ನು ಕೇಳುತ್ತಾ ಮಲಗಿದವನು ನಾನು.

ನಾಲ್ಕು ವಾರದಲ್ಲಿ ನಾಲ್ಕು ಸಲ ರೇಡಿಯೋದಲ್ಲಿ ಮಾತಾಡಿದ್ದೀಯ. ಧ್ವನಿ ಬದಲಾಯಿಸಿಕೊಂಡಿದ್ದಕ್ಕಲ್ಲ ನನಗೆ ಗುರುತು ಸಿಗದೆ ಹೋದದ್ದು. ನಿನಗೆ ಅಷ್ಟು ಮಾತು ಬರುತ್ತದೆ ಅಂತಲೇ ಗೊತ್ತಿರಲಿಲ್ಲ. ನೀನು ಸುಮ್ಮನಾದಾಗಷ್ಟೇ ಗೊತ್ತಾಯಿತು.

ಭಾನುವಾರಗಳಲ್ಲಿ ಆರು ಗಂಟೆಗೆ ನಾನು ಕಾರಿಡಾರಿನಲ್ಲಿ ನಿಂತಿರುತ್ತಿದ್ದೆ.

ವೆಂಡೆಲ್

*

ಬೆಲ್ ಲ್ಯಾಂಡಿಂಗ್
ಅಕ್ಟೋಬರ್ 26

ವೆಂಡೆಲ್,

ನಾನೇ.

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಕೆಸರಿನ ಸೋಮವಾರ ಇಡೀ ಗಂಟೆ ಯಾರೂ ನಿನ್ನ ಹೆಸರು ಎತ್ತಲಿಲ್ಲ ಅಂತ ಬರೆದಿದ್ದೆನಲ್ಲ. ಮುಂದಿನ ವಾರವೂ ಹಾಗೇ ಶುರುವಾಯಿತು. ಯಾರೋ ಸಾಸೇಜಿನ ಅಂಗಡಿಯ ಸಾಲು ಉದ್ದ ಅಂತ ದೂರುತ್ತಿದ್ದರು. ನಾನು ಎದ್ದು ಹೋಗಿ ಫೋನ್ ಮಾಡಿದೆ. ಒಳ್ಳೆಯದು ಹೇಳೋಣ ಅಂತಲೇ ಇದ್ದೆ. ಆದರೆ ಒಳ್ಳೆಯದು ಹೇಳಿದರೆ ಜನ ಹೌದು ಅಂದು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಕೆಟ್ಟದ್ದು ಹೇಳಿದರೆ ಜಗಳಕ್ಕೆ ಬರುತ್ತಾರೆ. ನಾನು ನಿನ್ನನ್ನು ಒಂದು ಮಾತು ಬೈದರೆ ಎಂಟು ಜನ ನಿನ್ನನ್ನು ಹೊಗಳುತ್ತಿದ್ದರು. ಅವರು ಹೊಗಳುವುದನ್ನು ನಾನು ಮೇಜಿನ ಮುಂದೆ ಕೂತು ಕೇಳುತ್ತಿದ್ದೆ. ಮನೆಯಲ್ಲಿ ಜನ ಸೇರಿದ ಹಾಗಿರುತ್ತಿತ್ತು. ಒಂದು ಸಲ ಎಲ್ಡಾಳ ಮಾತಿಗೆ ಗೊತ್ತಿಲ್ಲದೆ ಜೋರಾಗಿ "ಹೌದಮ್ಮ" ಅಂದುಬಿಟ್ಟಿದ್ದೆ.

ಭುಜದ ಮಾತು ಆಡಬೇಕೆಂದಿರಲಿಲ್ಲ. ಟರ್ಕಿಯವನು ಕೆಣಕಿದ. ನಿನ್ನ ಬಗ್ಗೆ ಅವರಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಅನ್ನುವ ಹಮ್ಮು ಬಂದುಬಿಟ್ಟಿತು. ಇನ್ನೊಂದು ಕಾಲೇಜಿನವರು ಕೇಳುತ್ತಿರುತ್ತಾರೆ ಅಂತ ಹೊಳೆಯಲೇ ಇಲ್ಲ. ನೀನು ಕೇಳುತ್ತಿರುತ್ತೀಯ ಅನ್ನುವುದೂ ಆ ಹೊತ್ತಿಗೆ ಮರೆತಿತ್ತು.

ಗೇಟಿನ ಗೋಡೆಯ ಮೇಲೆ ನಿಂತಿದ್ದ ನಿನಗೆ ಅವತ್ತು, "ಜಿಗಿ, ಹಿಡ್ಕೋತೀನಿ" ಅಂದವನು ನಾನು. ಕೆಳಗೆ ದೋಣಿಯಲ್ಲಿ ಕೈ ಚಾಚಿ ನಿಂತಿದ್ದೆ. ಆಗ ಹಾರ್ನ್ ಕೇಳಿಸಿತು. ಕೆಲಸದ ಅಭ್ಯಾಸ, ತಲೆ ಆ ಕಡೆ ತಿರುಗಿತು. ನೀನು ಜಿಗಿದೆ. ದೋಣಿಯ ಅಂಚಿಗೆ ಭುಜ ಬಡಿಯಿತು. ಅಮ್ಮನಿಗೆ ನಾವಿಬ್ಬರೂ "ಕಾಲು ಜಾರಿತು" ಅಂದೆವು. ನಾನು ಹೇಳಿಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ನೀನೇ ಮೊದಲು ಹಾಗೆ ಹೇಳಿದೆ. ಹೇಳಿ ನನ್ನ ಮುಖ ನೋಡಿದೆ. ಅವತ್ತಿನಿಂದ ನಿನ್ನ ಹತ್ತಿರ ಮಾತಾಡಲು ಕೂತರೆ ಮೊದಲು ಆಡಬೇಕಾದ ಮಾತು ಅದೇ ಅನ್ನಿಸುತ್ತದೆ. ಅದು ಬಾಯಿಗೆ ಬರುವುದಿಲ್ಲ. ಅದಕ್ಕೆ ನೀರಿನ ಮಟ್ಟ ಹೇಳುತ್ತೇನೆ.

ಇನ್ನು ಫೋನ್ ಮಾಡುವುದಿಲ್ಲ, ಗಸ್‌ಗೆ.

ಅಪ್ಪ

*

ಬೆಲ್ ಲ್ಯಾಂಡಿಂಗ್
ನವೆಂಬರ್ 9

ವೆಂಡೆಲ್,

ನಿನ್ನಿಂದ ಪತ್ರವಿಲ್ಲ. ಬರದೆ ಇರುವುದು ಸರಿಯೇ.

ಹದಿನೈದನೇ ತಾರೀಕು ರಜ ಸಿಕ್ಕಿದೆ. ನೀನು ಪತ್ರ ಬರೆದರೆ ಬಂದು ಕುರ್ಚಿಯಲ್ಲಿ ಕೂರುತ್ತೇನೆ. ಬರೆಯದಿದ್ದರೆ ಕೂರುವುದಿಲ್ಲ. ನೀನು ಬೆಂಚಿನಲ್ಲಿರುವಾಗ ನಾನು ಬೆನ್ನಿಗೆ ಹನ್ನೆರಡು ಹಚ್ಚಿಕೊಂಡು ಎಲ್ಲರೆದುರು ಕೂತರೆ ನಿನಗೆ ಹೇಗಿರುತ್ತದೋ ನನಗೆ ಗೊತ್ತಿಲ್ಲ.

ನದಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಲು ಶುರುವಾಗಿದೆ. ಈ ವರ್ಷ ಬೇಗ. ದೋಣಿಯವರೆಲ್ಲ ದಕ್ಷಿಣಕ್ಕೆ ಓಡುತ್ತಿದ್ದಾರೆ.

ಸೋಮವಾರಗಳಲ್ಲಿ ರೇಡಿಯೋ ಹಾಕುತ್ತೇನೆ. ಮಿಲ್ಟನ್ ಎಲ್ಲಿ ಹೋದ ಅಂತ ಎಲ್ಡಾ ಎರಡು ವಾರದಿಂದ ಕೇಳುತ್ತಿದ್ದಾಳೆ. "ಹುಷಾರಿಲ್ವೇನೋ ಪಾಪ, ಒಬ್ನೇ ಇರೋನ ಥರ ಮಾತಾಡ್ತಿದ್ದ" ಅಂದಳು.

ಅಪ್ಪ

*

ಬೆಲ್ ಲ್ಯಾಂಡಿಂಗ್
ನವೆಂಬರ್ 19

ವೆಂಡೆಲ್,

ಶನಿವಾರ ನಾನು ಬಂದಿದ್ದೆ. ನಿನಗೆ ಗೊತ್ತಾಗಿದೆ ಅನ್ನುವುದು ಸೋಮವಾರ ತಿಳಿಯಿತು. ಆದರೂ ಹೇಳುತ್ತೇನೆ.

ಮೂರು ಗಂಟೆ ಗಾಡಿ ಓಡಿಸಿಕೊಂಡು ಬಂದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೂತೆ. ಕೆಳಗೆ ಗೆರೆಯ ಪಕ್ಕ ಕುರ್ಚಿಗಳ ಸಾಲು, ಅಪ್ಪಂದಿರ ಬೆನ್ನಮೇಲೆ ಕಾಗದದ ನಂಬರು. ಹನ್ನೊಂದು ಇತ್ತು, ಹದಿನಾಲ್ಕು ಇತ್ತು, ನಡುವೆ ಒಂದು ಖಾಲಿ ಕುರ್ಚಿ. ಅದರ ಬೆನ್ನಿಗೇ ಹನ್ನೆರಡು ಅಂತ ಪಿನ್ನು ಮಾಡಿಟ್ಟಿದ್ದರು. ಗಾಳಿಗೆ ಕಾಗದ ಪಟಪಟ ಅನ್ನುತ್ತಿತ್ತು. ನನ್ನ ಪಕ್ಕದಲ್ಲಿ ಕೂತ ಗಂಡ ಹೆಂಡತಿ ಅದನ್ನೇ ನೋಡುತ್ತಿದ್ದರು. ಅವಳು, "ಆ ಬ್ರೆಕೆ ಹುಡುಗಂಗೆ ಅಪ್ಪ ಇಲ್ವೇನ್ರೀ?" ಅಂದಳು. ಗಂಡ, "ಇದ್ದಿದ್ರೆ ಬರ್ತಿರ್ಲಿಲ್ವಾ?" ಅಂದ. ಕಾಫಿಯ ಫ್ಲಾಸ್ಕು ನನ್ನ ಕಡೆ ಚಾಚಿ, "ತಗೊಳಿ, ಚಳಿ ಇದೆ. ನಿಮ್ಮೋರು ಯಾರಾದ್ರೂ ಆಡ್ತಿದಾರಾ?" ಅಂತ ಕೇಳಿದ. ನಾನು ಇಲ್ಲ ಅಂದೆ.

ಅರ್ಧ ಆಟ ಕಳೆದ ಮೇಲೆ ನೀನು ಬೆಂಚಿನಿಂದ ಎದ್ದು ಬಂದೆ. ಆ ಕುರ್ಚಿಯ ಮೇಲೆ ನಿನ್ನ ಹೆಲ್ಮೆಟ್ ಇಟ್ಟೆ. ಆಮೇಲೆ ಆಟ ಮುಗಿಯುವ ತನಕ ಅದರ ಪಕ್ಕದಲ್ಲೇ ನಿಂತಿದ್ದೆ. ಯಾರಿಗೆ ಜಾಗ ಹಿಡಿದಿದ್ದೀಯ ಅಂತ ನನಗೆ ಅರ್ಥವಾಯಿತು. ಎದ್ದು ಕೆಳಗೆ ಬರಬೇಕಿತ್ತು. ಎದ್ದೆ ಕೂಡ. ಮೆಟ್ಟಿಲು ನಲವತ್ತಿದ್ದವು. ಹತ್ತು ಇಳಿದೆ. ಅಲ್ಲಿ ನಿಂತು, ಆಮೇಲೆ ಗಾಡಿ ನಿಲ್ಲಿಸಿದ್ದ ಕಡೆಗೆ ಹೋದೆ.

ಸೋಮವಾರ ಗಸ್‌ನ ಈ ವರ್ಷದ ಕೊನೆಯ ಕಾರ್ಯಕ್ರಮ. ಎಂಟಕ್ಕೆ ಹತ್ತು ನಿಮಿಷ ಇರುವಾಗ ಅವನು, "ನೋಡಿ ಯಾರು ಬಂದ್ರು, ಸ್ಯಾಂಡ್ ಹಿಲ್‌ನ ಮಿಲ್ಟನ್" ಅಂದ. ನನ್ನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. ನಾನು ಇಲ್ಲಿ ಕೂತಿದ್ದೇನೆ.

"ಏನ್ ಮಿಲ್ಟನ್, ಧ್ವನಿ ಎಳೇದಾಗಿದೆ?" ಅಂತ ಗಸ್ ಕೇಳಿದ.

"ಶೀತ" ಅಂದೆ ನೀನು.

ನೀನು ಹೇಳಿದ್ದನ್ನೆಲ್ಲ ಆಮೇಲೆ ಕಾಗದದ ಮೇಲೆ ಬರೆದಿಟ್ಟುಕೊಂಡೆ. "ಈ ವರ್ಷ ಪೂರ್ತಿ ಹುಡುಗನ ತಪ್ಪೋ ಕೋಚ್ ತಪ್ಪೋ ಅಂತ ಜಗಳ ಆಡಿದೀವಿ. ಕೋಚ್ ಎಡಕ್ಕೇ ಹೇಳ್ತಿದ್ರು. ಹುಡುಗ ಬಲಕ್ಕೆ ಎಸೀತಿದ್ದ. ಅವನಿಗೆ ಹೆದರಿಕೆ. ಕೋಚ್ ಸುಮ್ಮನಿದ್ದು ಬೈಸ್ಕೊಂಡ್ರು. ಇನ್ನಾದ್ರೂ ಅವರನ್ನ ಬಿಟ್ಬಿಡಿ."

"ಇದೆಲ್ಲ ನಿಮಗೆ ಹೇಗೆ ಗೊತ್ತು?" ಅಂದ ಗಸ್.

ನೀನು ಮುಂದುವರಿಸಿದೆ. "ಇನ್ನೊಂದು ಮಾತು. ಶನಿವಾರ ಹನ್ನೆರಡನೇ ಕುರ್ಚಿ ಖಾಲಿ ಇತ್ತು ಅಂತ ಪೇಪರಲ್ಲಿ ಬಂದಿದೆ. ಖಾಲಿ ಇರ್ಲಿಲ್ಲ. ಆ ಕುರ್ಚಿಯೋರು ಕಂದು ಕೋಟು ಹಾಕ್ಕೊಂಡು ಮೇಲಿನ ಸಾಲಲ್ಲಿದ್ರು. ಹತ್ತು ಮೆಟ್ಲು ಇಳಿದ್ರು. ಹುಡುಗ ಕೆಳಗಿಂದ ಎಣಿಸ್ತಿದ್ದ" ಅಂದೆ. ಗಸ್ ಏನೋ ಕೇಳುವಷ್ಟರಲ್ಲಿ ಲೈನು ಹೋಯಿತು.

ಆಮೇಲೆ ಎಲ್ಡಾ ಬಂದಳು. "ಮಿಲ್ಟನ್ ಚೆನ್ನಾಗಿದಾನಲ್ಲ, ಅಷ್ಟು ಸಾಕು" ಅಂದು ಇಟ್ಟುಬಿಟ್ಟಳು.

ವೆಂಡೆಲ್, ಭಾನುವಾರ ಆರು ಗಂಟೆಗೆ ಕಾರಿಡಾರಿನ ಫೋನಿಗೆ ಮಾಡುತ್ತೇನೆ. ನಿನ್ನ ಹಿಂದೆ ಕಾಯುವವರಿದ್ದರೆ ಸ್ವಲ್ಪ ತಡೆಯಲು ಹೇಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಬರುತ್ತೀಯಾ ಅಂತ ಕೇಳಬೇಕು. ಅದಕ್ಕೆ ಮೊದಲು ಆ ದೋಣಿಯ ಮಾತು ನನ್ನ ಬಾಯಿಂದಲೇ ಆಡಬೇಕು. ಈ ಸಲ ಚೀಟಿ ಬರೆದಿಟ್ಟುಕೊಳ್ಳುವುದಿಲ್ಲ.

ತಕ್ಷಣ ಮಾತು ಬರುತ್ತದೆ ಅಂತ ಹೇಳಲಾರೆ. ಕೊನೆಯ ದೋಣಿ ನಿನ್ನೆ ಮಧ್ಯಾಹ್ನ ದಾಟಿ ಹೋಯಿತು. ನದಿ ಈ ದಡದಿಂದ ಆ ದಡಕ್ಕೆ ಹೆಪ್ಪುಗಟ್ಟಿದೆ. ಗುರುತಿಗೆ ಹಾರ್ನ್ ಕೂಡ ಇರುವುದಿಲ್ಲ. ಫೋನೆತ್ತಿದಾಗ ಏನೂ ಕೇಳಿಸದೆ ಹೋದರೆ, ಅದು ನಾನೇ. ಇಡಬೇಡ.

ಅಪ್ಪ